ಹದಿನಾಲ್ಕು ಸಾವಿರದ ಇನ್ನೂರ ಹನ್ನೆರಡು

ಭಾವ ಒತ್ತಾವಿಯೊ ಹಡಗುಕಟ್ಟೆಯಲ್ಲಿ ಟಿಕೆಟ್ಟು ಹರಿಯುವವನು.
ಹೊಗೆ ಕಂಡರೆ ಹಬ್ಬದಡುಗೆ ಎನ್ನುವ ಕಣ್ಣು,
ಅದಕ್ಕೇ ಜೊತೆಗೆ ನಾನು.
ತ್ರಿಯೆಸ್ತೆಯ ಮೇಲಿನ ಸುಣ್ಣಕಲ್ಲಿನ ದಿಬ್ಬ ಹತ್ತುವಷ್ಟು ಹೊತ್ತೂ
ಅವನದು ಒಂದೇ ಜಪ:
‘ಓಡಿಯೇ ಇಲ್ಲ ಎಗ್ಲೆ, ಇಪ್ಪತ್ತಾರು ವರ್ಷಕ್ಕೆ
ಬರೀ ಹದಿನಾಲ್ಕು ಸಾವಿರ!’

ಮೂವತ್ತು ವರ್ಷ ನಟ್ಟು ಬಿಚ್ಚಿದವಳು ನಾನು.
ಓಡಿ ಸವೆದದ್ದು ತಾನೇ ಕಿರುಚಿ ಹೇಳುತ್ತದೆ.
ನಿಂತು ಸವೆದದ್ದು
ಬಾಯಿ ಬಿಡುವುದಿಲ್ಲ.

ನೋಟರಿ ಝೊರ್ಝೆನೋನ್ ಗ್ಯಾರೇಜಿನ ಬಾಗಿಲೆತ್ತಿದರು.
ಕಡುಹಸಿರು, ಎರಡೇ ಸೀಟು,
ನೆಲಕ್ಕೆ ಹೊಟ್ಟೆ ತಾಗಿಸಿ ಹೊಂಚುವ ಹಾಗೆ.
ಮೈಯೆಲ್ಲ ಕನ್ನಡಿ.
ಒತ್ತಾವಿಯೊ ಅದರಲ್ಲಿ ತಲೆ ಬಾಚಿಕೊಂಡ.

ನಾನು ಮಂಡಿಯೂರಿದೆ.
ಟೈರಿಗೆ ಹುಟ್ಟುಗೂದಲು ಕೂಡ ಉದುರಿರಲಿಲ್ಲ,
ಪಕ್ಕೆಯಲ್ಲಿ ಮಾತ್ರ ಚಳಿಗಾಲದ ಹಿಮ್ಮಡಿಯ ಬಿರುಕು.
ಬ್ರೇಕಿನ ಎಣ್ಣೆ ಮೂರು ದಿನ ಕುದಿಸಿದ ಕಷಾಯ.
ಏರ್ ಫಿಲ್ಟರಿನೊಳಗೆ ಇಲಿಯ ಸಂಸಾರ:
ಅಕ್ರೋಟಿನ ಚಿಪ್ಪು, ಉಲ್ಲನ್ ಕೈಗವುಸಿನ
ಒಂದು ಬೆರಳು.

ಟೈಮಿಂಗ್ ಬೆಲ್ಟು ಬದಲಿಸಿದ್ದು ಯಾವಾಗ ಎಂದೆ.
‘ಕಾರ್ಖಾನೆಯದೇ ಇದೆ,’ ಎಂದರು,
ಅಜ್ಜಿಯ ಬೆಳ್ಳಿ ಬಟ್ಟಲು ತೋರಿಸುವವರ ಹಾಗೆ.

ಸರ್ವಿಸ್ ಪುಸ್ತಕಕ್ಕೆ ಚರ್ಮದ ಹೊದಿಕೆ. ಒಳಗೆ ಒಂದೇ ಮೊಹರು.
ಊರವರ ಮನೆಗೆ, ದ್ರಾಕ್ಷಿತೋಟಕ್ಕೆ, ಉಯಿಲಿಗೆ
ನಲವತ್ತು ವರ್ಷ ಮೊಹರು ಒತ್ತಿದ ಕೈ
ಪಕ್ಕದಲ್ಲೇ ಜೇಬಿನೊಳಗಿತ್ತು.

ಆಮೇಲೆ ಸೀಟು ನೋಡಿದೆ.
ಚಾಲಕನ ಎಡ ಅಂಚು ಬೋಳಾಗಿ ಸ್ಪಂಜು ಇಣುಕುತ್ತಿದೆ.
ಕ್ಲಚ್ಚಿನ ರಬ್ಬರು ನುಣುಪು.
ಗೇರಿನ ಗುಂಡಿಯ ಮೇಲೆ ಅಂಕೆಗಳೇ ಇಲ್ಲ.
ಇದು ಲಕ್ಷ ಕಿಲೋಮೀಟರಿನ ಸವೆತ.
‘ಮೀಟರು ಹಿಂದಕ್ಕೆ ತಿರುಗಿಸಿದ್ದೀರಿ,’ ಎಂದೆ,
ನೋಟರಿಗೆ, ಅವರದೇ ಗ್ಯಾರೇಜಿನಲ್ಲಿ.

ಕಿವಿಯ ತುದಿವರೆಗೂ ಕೆಂಪಾದರು.
ಒತ್ತಾವಿಯೊ ಕೆಮ್ಮಿದ.
ಹೊರಗೆ ಬೋರಾ ಗಾಳಿ ಏನೋ ಡಬ್ಬಿಯೊಂದನ್ನು ಅಂಗಳದುದ್ದಕ್ಕೂ ಉರುಳಿಸಿಕೊಂಡು ಹೋಯಿತು.

‘ಓಡಿಸಿಲ್ಲ,’ ಎಂದರು. ‘ಕೂರುತ್ತಿದ್ದೆ.
ಸಂಜೆ, ಊಟಕ್ಕೆ ಮುಂಚೆ.
ಗ್ರಾದೋವರೆಗೆ ಹೋಗಿ ಬರುತ್ತಿದ್ದೆ.
ಭಾನುವಾರವಾದರೆ ಲ್ಯುಬ್ಲಿಯಾನಾ.
ಹೊರಗೆ ನಿಜವಾಗಿ ತೆಗೆದರೆ
ಕಲ್ಲು ಸಿಡಿಯುತ್ತದಲ್ಲ.’

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು, ನಿಜ.
ಕೂತು ಓಡಿಸಿದರೆ ಏನೇನು ಸಾಲದು
ಎಂದು ಯಾರೂ ಹೇಳಿಟ್ಟಿಲ್ಲ.

ನನ್ನ ಬಾಯಲ್ಲಿ ಲೆಕ್ಕ ಸಿದ್ಧವಿತ್ತು:
ಬೆಲ್ಟು, ಪಂಪು, ಟೈರು ನಾಲ್ಕು, ಕೊಳವೆಗಳೆಲ್ಲ.
ಮೂರು ಸಾವಿರ ಯೂರೋ ಇಳಿಸಿ, ಎಂದೆ.
ಮರುಕ ಒಂದು ಡಬ್ಬಿ, ದುಡ್ಡು ಇನ್ನೊಂದು.
ಅವರು ಚೌಕಾಸಿ ಮಾಡಲಿಲ್ಲ,
ಮಾಡಿದ್ದರೆ ಚೆನ್ನಾಗಿತ್ತು.

ಒತ್ತಾವಿಯೊ ಕೀಲಿಗೆ ಕೈ ಹಾಕಿದ, ಕೈ ಮೇಲೆ ಒಂದು ಕೊಟ್ಟೆ.
ಈಗ ತಿರುಗಿಸಿದರೆ ಬೆಲ್ಟು ಹರಿದು
ವಾಲ್ವುಗಳು ಪಿಸ್ಟನ್ನಿಗೆ ಹಣೆ ಚಚ್ಚಿಕೊಳ್ಳುತ್ತವೆ.
ನನ್ನ ಲಾರಿಯ ಬೆನ್ನಿಗೇರಿಸಿ ಸರಪಳಿ ಬಿಗಿದೆವು.

ನೋಟರಿ ಆಗ ಕೋಟಿನ ಗುಂಡಿ ಹಾಕಿಕೊಂಡು
ಕೆಳಗಿನ ಊರಿನ ತನಕ ಅದರಲ್ಲೇ ಕೂರಲೇ ಎಂದು ಕೇಳಿದರು.
ಕಾನೂನಿಗೆ ವಿರುದ್ಧ, ಅದನ್ನೂ ಅವರೇ ಹೇಳಿದರು,
ಕಲಮಿನ ಸಂಖ್ಯೆ ಸಮೇತ.

ಇಳಿಜಾರಿನುದ್ದಕ್ಕೂ ನನ್ನ ಪಕ್ಕದಲ್ಲಿ ಭಾವ
ವಿಮೆಯ ಕಂತು ಎಣಿಸುತ್ತಿದ್ದ.
ಹಿಂದಿನ ಕನ್ನಡಿಯಲ್ಲಿ, ಎತ್ತರದಲ್ಲಿ, ಮುದುಕ
ಪ್ರತಿ ತಿರುವಿಗೂ ಮುಂಚೆ ಗೇರು ಇಳಿಸುತ್ತಿದ್ದರು.
ಸರಿಯಾಗಿಯೇ ಇಳಿಸುತ್ತಿದ್ದರು.
ಕೊನೆಯ ತಿರುವಿನಲ್ಲಿ ಸಮುದ್ರ ಕಂಡಿತು.
ಬಲಕ್ಕೆಂದು ಇಂಡಿಕೇಟರಿನ ಕಡ್ಡಿ ಒತ್ತಿದರು.
ಬ್ಯಾಟರಿ ಸತ್ತು ಯಾವ ಕಾಲವಾಯಿತೋ,
ದೀಪ ಹತ್ತಲಿಲ್ಲ.

ನಾನು ನನ್ನದನ್ನು ಹಾಕಿದೆ.